ಸಿಐಎಸ್‌ಎಸ್‌ಪಿ ತಯಾರಿ: ನಿರ್ಧಾರ ಯಾರದು, ಕೆಲಸ ಯಾರದು?

ಐಎಸ್‌ಸಿ2 ಸಂಸ್ಥೆ ನಡೆಸುವ ಮಾಹಿತಿ ಭದ್ರತೆಯ ಪ್ರಮಾಣಪತ್ರ ಪರೀಕ್ಷೆ ಸಿಐಎಸ್‌ಎಸ್‌ಪಿಗೆ ಓದಲು ಕೂರುವವರಲ್ಲಿ ಬಹಳಷ್ಟು ಜನ ತಾಂತ್ರಿಕ ಕೆಲಸದಿಂದ ಬಂದಿರುತ್ತಾರೆ. ಫೈರ್‌ವಾಲ್ ನಿಯಮ ಬರೆದವರು, ಸರ್ವರ್ ನೋಡಿಕೊಂಡವರು, ಲಾಗ್ ಜಾಲಾಡಿದವರು. ತೊಂದರೆ ಕಂಡೊಡನೆ ಕೈ ಹಾಕಿ ಸರಿಪಡಿಸುವುದು ನಮಗೆ ರೂಢಿ. ಪರೀಕ್ಷೆ ಕೇಳುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದನ್ನು: ಈ ನಿರ್ಧಾರ ತೆಗೆದುಕೊಳ್ಳಬೇಕಾದವರು ಯಾರು, ಅದಕ್ಕೂ ಮೊದಲು ಏನು ಗೊತ್ತಿರಬೇಕು? ಪರೀಕ್ಷೆಯ ಎಂಟು ಡೊಮೇನ್‌ಗಳನ್ನೂ, ಅಂದರೆ ವಿಷಯ ವಿಭಾಗಗಳನ್ನೂ, ಈ ಪ್ರಶ್ನೆ ಹಿಡಿದು ಓದಿದರೆ ಕಂಠಪಾಠದ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಪರೀಕ್ಷೆಯ ಸ್ವರೂಪ. 2024ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯ ಪ್ರಕಾರ ಸಮಯ 3 ಗಂಟೆ, ಪ್ರಶ್ನೆಗಳು 100ರಿಂದ 150, ಪಾಸಾಗಲು 1000ಕ್ಕೆ 700 ಅಂಕ. ನೀವು ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆಯ ಮಟ್ಟವನ್ನು ಆರಿಸುತ್ತದೆ. ಹಿಂದಿನ ಪ್ರಶ್ನೆಗೆ ಮರಳುವ ಹಾಗಿಲ್ಲ. ಆದ್ದರಿಂದ ‘ಗುರುತು ಹಾಕಿಟ್ಟು ಆಮೇಲೆ ನೋಡೋಣ’ ಎನ್ನುವ ಅಭ್ಯಾಸವನ್ನು ಮಾದರಿ ಪರೀಕ್ಷೆಗಳಲ್ಲೇ ಬಿಟ್ಟುಬಿಡಿ. 150 ಪ್ರಶ್ನೆಯೂ ಬಂದರೆ ಒಂದಕ್ಕೆ ಸಿಗುವುದು 72 ಸೆಕೆಂಡು. ಪ್ರಶ್ನೆಗಳು ಕಷ್ಟವಾಗುತ್ತಲೇ ಹೋದವು ಎಂದು ಧೈರ್ಯಗೆಡಬೇಡಿ. ಇಂಥ ಪರೀಕ್ಷೆ ನಿಮ್ಮ ಸಾಮರ್ಥ್ಯದ ಅಂಚಿನಲ್ಲೇ ಪ್ರಶ್ನೆ ಹುಡುಕುತ್ತದೆ.

ಅತಿ ಹೆಚ್ಚು ತೂಕ ಇರುವುದು ಭದ್ರತೆ ಮತ್ತು ರಿಸ್ಕ್ ನಿರ್ವಹಣೆಗೆ, ಶೇ 16. ನೆಟ್‌ವರ್ಕ್ ಬಲ್ಲವರು ಇದನ್ನು ಒಣ ಪಾಠ ಎಂದು ಕೊನೆಗೆ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಉಳಿದ ಏಳೂ ನಿಂತಿರುವುದು ಇದರ ಮೇಲೆ.

ಡೇಟಾ ಓನರ್ ಮತ್ತು ಕಸ್ಟೋಡಿಯನ್ ಇಬ್ಬರನ್ನೇ ತೆಗೆದುಕೊಳ್ಳಿ. ಮಾಹಿತಿ ಎಷ್ಟು ಸೂಕ್ಷ್ಮ, ಅದನ್ನು ಯಾರು ನೋಡಬಹುದು ಎಂದು ತೀರ್ಮಾನಿಸುವವರು ಓನರ್. ಸಾಮಾನ್ಯವಾಗಿ ಆ ವಿಭಾಗದ ಹಿರಿಯ ಅಧಿಕಾರಿ. ಬ್ಯಾಕಪ್ ತೆಗೆಯುವುದು, ಅನುಮತಿಯನ್ನು ವ್ಯವಸ್ಥೆಯಲ್ಲಿ ಜಾರಿಗೊಳಿಸುವುದು ಕಸ್ಟೋಡಿಯನ್ ಕೆಲಸ. ‘ಹೊಸ ಉದ್ಯೋಗಿಗೆ ಗ್ರಾಹಕರ ದಾಖಲೆ ನೋಡುವ ಅವಕಾಶ ಬೇಕು, ಒಪ್ಪಿಗೆ ಯಾರದು?’ ಎಂದು ಕೇಳಿದರೆ ಸಿಸ್ಟಮ್ ಅಡ್ಮಿನ್ ಎಂಬ ಆಯ್ಕೆ ನಮ್ಮನ್ನು ಸೆಳೆಯುತ್ತದೆ, ಯಾಕೆಂದರೆ ಬಟನ್ ಒತ್ತುವವರು ಅವರೇ. ಉತ್ತರ ಮಾತ್ರ ಓನರ್. ಕ್ಲೌಡ್‌ನ ಪ್ರಶ್ನೆಯೂ ಇದೇ ಜಾಡಿನದು: ಕೆಲಸವನ್ನು ಹೊರಗಿನವರಿಗೆ ಒಪ್ಪಿಸಬಹುದು, ಅಂತಿಮ ಹೊಣೆಯನ್ನು ಒಪ್ಪಿಸಲಾಗದು.

ಇನ್ನು ರಿಸ್ಕ್ ಲೆಕ್ಕ. ಒಂದು ಸ್ವತ್ತಿನ ಬೆಲೆ 10,00,000 ಎಂದಿಟ್ಟುಕೊಳ್ಳಿ. ಒಂದು ಸಲ ದುರಂತವಾದರೆ ಅದರಲ್ಲಿ ಶೇ 40 ಹಾಳಾಗುತ್ತದೆ. ಇದು ಎಕ್ಸ್‌ಪೋಶರ್ ಫ್ಯಾಕ್ಟರ್. ಎರಡನ್ನೂ ಗುಣಿಸಿದರೆ 4,00,000. ಇದು ಒಂದು ಘಟನೆಯ ನಷ್ಟ, ಎಸ್‌ಎಲ್‌ಇ. ಅಂಥದ್ದು ಐದು ವರ್ಷಕ್ಕೊಮ್ಮೆ ನಡೆಯುತ್ತದೆ ಎಂದರೆ ವಾರ್ಷಿಕ ಸಂಭವ, ಅಂದರೆ ಎಆರ್‌ಓ, 0.2. ಹಾಗಾದರೆ ವರ್ಷದ ನಿರೀಕ್ಷಿತ ನಷ್ಟ, ಎಎಲ್‌ಇ, 80,000. ಇಷ್ಟು ಎಲ್ಲರಿಗೂ ಬರುತ್ತದೆ. ಮುಂದಿನದು ಮುಖ್ಯ: ಒಂದು ರಕ್ಷಣಾ ಕ್ರಮಕ್ಕೆ ವರ್ಷಕ್ಕೆ 50,000 ಖರ್ಚು, ಅದರಿಂದ ಸಂಭವ 0.1ಕ್ಕೆ ಇಳಿಯುತ್ತದೆ. ಹೊಸ ನಷ್ಟ 40,000, ಉಳಿತಾಯವೂ 40,000. ಖರ್ಚು ಉಳಿತಾಯಕ್ಕಿಂತ 10,000 ಹೆಚ್ಚು. ಉಪಕರಣ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕದಲ್ಲಿ ಅದನ್ನು ಕೊಳ್ಳಲು ಕಾರಣವಿಲ್ಲ. ರಿಸ್ಕನ್ನು ಹಾಗೇ ಒಪ್ಪಿಕೊಳ್ಳುವುದಾದರೂ ಆ ತೀರ್ಮಾನ ಆಡಳಿತ ವರ್ಗದ್ದು. ನಾವು ಲೆಕ್ಕ ಮುಂದಿಡುತ್ತೇವೆ.

ಬಿಸಿನೆಸ್ ಇಂಪ್ಯಾಕ್ಟ್ ಅನಾಲಿಸಿಸ್, ಅಂದರೆ ಕೆಲಸ ನಿಂತರೆ ಆಗುವ ಪರಿಣಾಮದ ವಿಶ್ಲೇಷಣೆ, ಯಾಕೆ ಮೊದಲು ಬರುತ್ತದೆ ಎನ್ನುವುದೂ ಇಲ್ಲಿಂದಲೇ ತಿಳಿಯುತ್ತದೆ. ಯಾವ ಕೆಲಸ ಎಷ್ಟು ಹೊತ್ತು ನಿಂತರೆ ಸಂಸ್ಥೆ ತಾಳಿಕೊಳ್ಳುತ್ತದೆ ಎಂಬುದು ಗೊತ್ತಾಗದೆ ಬ್ಯಾಕಪ್ ಯೋಜನೆ ಬರೆಯಲು ಆಗದು. ಹೆಚ್ಚೆಂದರೆ 4 ಗಂಟೆಗಳ ಡೇಟಾ ಹೋದರೆ ಸಹಿಸಬಹುದು ಎಂದಾದರೆ ಆರ್‌ಪಿಓ 4 ಗಂಟೆ, ದಿನಕ್ಕೊಂದು ಬ್ಯಾಕಪ್ ಸಾಲದು. ವ್ಯವಸ್ಥೆಯನ್ನು ಮತ್ತೆ ಎಬ್ಬಿಸಲು ಇಟ್ಟುಕೊಂಡ ಗಡುವು ಆರ್‌ಟಿಓ. ಅದಾದ ಮೇಲೆ ಡೇಟಾ ಸರಿಯಿದೆಯೇ ಎಂದು ಪರಿಶೀಲಿಸುವ ಹೊತ್ತೂ ಸೇರಿ ಒಟ್ಟು ಸಹನೆಯ ಮಿತಿಯೊಳಗೆ, ಎಂದರೆ ಎಂಟಿಡಿಯೊಳಗೆ, ಇರಬೇಕು.

ಮಾಹಿತಿಯನ್ನು ಮೇಲಿನ, ಕೆಳಗಿನ ಹಂತಗಳಾಗಿ ವಿಂಗಡಿಸಿ ಯಾರು ಏನು ಓದಬಹುದು, ಬರೆಯಬಹುದು ಎಂದು ಹೇಳುವ ಬೆಲ್-ಲಾಪಡುಲಾ ಮತ್ತು ಬಿಬಾ ಮಾದರಿಗಳು ಅದಲುಬದಲಾಗುವುದು ಸಾಮಾನ್ಯ. ಪ್ರತಿಯೊಂದಕ್ಕೂ ಇರುವ ಭಯವನ್ನು ಕೇಳಿಕೊಳ್ಳಿ. ಬೆಲ್-ಲಾಪಡುಲಾಗೆ ಗುಟ್ಟು ಕೆಳಗೆ ಸೋರುವ ಭಯ: ಮೇಲಿನದನ್ನು ಓದಬಾರದು, ಕೆಳಗೆ ಬರೆಯಬಾರದು. ಬಿಬಾಗೆ ನಂಬಲಾಗದ ಮಾಹಿತಿ ಮೇಲಕ್ಕೆ ಸೇರಿಕೊಳ್ಳುವ ಭಯ: ಕೆಳಗಿನದನ್ನು ಓದಬಾರದು, ಮೇಲೆ ಬರೆಯಬಾರದು. ಒಂದು ಗೋಪ್ಯತೆಗೆ, ಇನ್ನೊಂದು ಸಮಗ್ರತೆಗೆ.

ಕ್ರಿಪ್ಟೋಗ್ರಫಿಯಲ್ಲಿ, ಅಂದರೆ ಗೂಢಲಿಪಿ ಶಾಸ್ತ್ರದಲ್ಲಿ, ಅಲ್ಗಾರಿದಮ್‌ನ ಒಳಗಣಿತ ಬೇಕಿಲ್ಲ. ಯಾವ ಕೀಲಿ ಯಾವ ಕೆಲಸಕ್ಕೆ ಎಂಬುದು ನಿಚ್ಚಳವಾಗಿರಲಿ: ಗುಟ್ಟಾಗಿ ಕಳಿಸಲು ಪಡೆಯುವವರ ಪಬ್ಲಿಕ್ ಕೀ (ಎಲ್ಲರಿಗೂ ಕೊಡುವ ಕೀಲಿ), ಸಹಿ ಮಾಡಲು ಕಳಿಸುವವರ ಪ್ರೈವೇಟ್ ಕೀ (ತಮ್ಮಲ್ಲೇ ಇಟ್ಟುಕೊಳ್ಳುವ ಕೀಲಿ). 1000 ಜನ ತಮ್ಮತಮ್ಮಲ್ಲಿ ಸಿಮೆಟ್ರಿಕ್ ಕೀಲಿಯಿಂದ, ಅಂದರೆ ಪ್ರತಿ ಜೋಡಿಯೂ ಹಂಚಿಕೊಳ್ಳುವ ಒಂದೇ ಕೀಲಿಯಿಂದ, ಮಾತಾಡಲು 4,99,500 ಕೀಲಿ ಬೇಕು, ಪ್ರತಿಯೊಬ್ಬರಿಗೂ ಪಬ್ಲಿಕ್, ಪ್ರೈವೇಟ್ ಎಂದು ಎರಡೆರಡು ಕೀಲಿ ಇರುವ ಅಸಿಮೆಟ್ರಿಕ್‌ನಲ್ಲಿ 2,000 ಸಾಕು.

ಮಾದರಿ ಪ್ರಶ್ನೆ ಬಿಡಿಸುವಾಗ ಅಂಕಕ್ಕಿಂತ ತಪ್ಪಿದ ಉತ್ತರಗಳ ಕಡೆ ಹೆಚ್ಚು ಹೊತ್ತು ಕೊಡಿ. ನಾಲ್ಕು ಆಯ್ಕೆಗಳೂ ತಮ್ಮಷ್ಟಕ್ಕೆ ಸರಿ ಇರುವ ಪ್ರಶ್ನೆಗಳೇ ಇಲ್ಲಿ ಜಾಸ್ತಿ. ‘ಮೊದಲು’, ‘ಎಲ್ಲಕ್ಕಿಂತ ಮುಖ್ಯವಾಗಿ’ ಎಂಬ ಮಾತು ಉತ್ತರವನ್ನು ತಿರುಗಿಸುತ್ತದೆ. ಸರ್ವರ್ ಕೋಣೆಗೆ ಬೆಂಕಿ ಬಿದ್ದರೆ ಮೊದಲು ಜನರ ಪ್ರಾಣ, ಆಮೇಲೆ ಡೇಟಾ. ಮಾಲ್‌ವೇರ್ ಹೊಕ್ಕ ಯಂತ್ರವನ್ನು ತನಿಖೆಗೆ ಉಳಿಸಿಕೊಳ್ಳಬೇಕಾದರೆ ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಆತುರದಲ್ಲಿ ಆಫ್ ಮಾಡಬೇಡಿ. ಮೆಮೊರಿಯಲ್ಲಿರುವ ಸಾಕ್ಷ್ಯ ವಿದ್ಯುತ್ ಹೋದ ಕ್ಷಣವೇ ಹೋಗುತ್ತದೆ.

ಅನುಭವ ಕಡಿಮೆ ಎಂದು ಹಿಂಜರಿಯುತ್ತಿರುವವರಿಗೆ ಒಂದು ಮಾತು. ಪ್ರಮಾಣಪತ್ರಕ್ಕೆ ಎಂಟರಲ್ಲಿ ಕನಿಷ್ಠ ಎರಡು ಡೊಮೇನ್‌ಗಳಲ್ಲಿ ಒಟ್ಟು ಐದು ವರ್ಷದ ಸಂಬಳದ ಕೆಲಸ ಬೇಕು. ಅಷ್ಟಿಲ್ಲದಿದ್ದರೂ ಪರೀಕ್ಷೆ ಬರೆಯಬಹುದು. ಪಾಸಾದರೆ ಐಎಸ್‌ಸಿ2 ಸಂಸ್ಥೆಯ ಅಸೋಸಿಯೇಟ್ ಆಗಿ, ಉಳಿದ ಅನುಭವ ಗಳಿಸಲು ಆರು ವರ್ಷ ಸಮಯ ಸಿಗುತ್ತದೆ.