ತಳಿ ನೋಡಿ ಬೆಕ್ಕು ತಂದರೆ ಅಲರ್ಜಿ ತಪ್ಪುವುದೇ?

ಬೆಕ್ಕು ಹತ್ತಿರ ಬಂದರೆ ಸೀನು, ಕಣ್ಣುರಿ, ಉಬ್ಬಸ ಕಾಣಿಸಿಕೊಳ್ಳುವವರೂ ನಿಶ್ಚಿಂತೆಯಿಂದ ಸಾಕಬಹುದೆಂದು ಹೆಸರು ಪಡೆದ ಕೆಲವು ತಳಿಗಳಿವೆ: ಸೈಬೀರಿಯನ್, ಬಾಲಿನೀಸ್, ರಷ್ಯನ್ ಬ್ಲೂ, ಡೆವನ್ ರೆಕ್ಸ್, ಕಾರ್ನಿಷ್ ರೆಕ್ಸ್, ಸ್ಫಿಂಕ್ಸ್. ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಅದರೊಳಗೇ ಒಂದು ವಿರೋಧ ಕಾಣುತ್ತದೆ. ಸೈಬೀರಿಯನ್ ಎಂಬುದು ರಷ್ಯಾದ ಕಡುಚಳಿಗೆ ಒಗ್ಗಿಕೊಂಡ, ಮೂರು ಪದರಗಳ ದಟ್ಟ ತುಪ್ಪಳವುಳ್ಳ ಬೆಕ್ಕು. ಸ್ಫಿಂಕ್ಸ್ ತಳಿಯ ಚರಿತ್ರೆ ಆರಂಭವಾಗುವುದು 1966ರಲ್ಲಿ ಕೆನಡಾದ ಟೊರೊಂಟೊದಲ್ಲಿ ಕೂದಲಿಲ್ಲದೆ ಹುಟ್ಟಿದ ಒಂದು ಮರಿಯಿಂದ. ಅದರ ಮೈ ಬಹುತೇಕ ಬೋಳು. ಅಲರ್ಜಿಗೆ ಕೂದಲೇ ಕಾರಣವಾಗಿದ್ದರೆ ಇವೆರಡೂ ಒಂದೇ ಪಟ್ಟಿಯಲ್ಲಿ ಸೇರಲು ಸಾಧ್ಯವಿರಲಿಲ್ಲ. ಕೂದಲು ಕಾರಣವಲ್ಲದಿದ್ದರೆ, ಕೂದಲಿನ ಗುಣವನ್ನು ನೋಡಿಯೇ ಬೇರ್ಪಡಿಸಿದ ತಳಿಗಳಿಂದ ಅಲರ್ಜಿಗೆ ಪರಿಹಾರ ಹೇಗೆ ದೊರೆಯುತ್ತದೆ ಎಂಬ ಪ್ರಶ್ನೆ ಏಳುತ್ತದೆ.

ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಫೆಲ್ ಡಿ 1 ಎಂಬ ಹೆಸರಿನ ಒಂದು ಪ್ರೋಟೀನು. ಬೆಕ್ಕಿಗೆ ಸಂಬಂಧಿಸಿದ ಎಂಟು ಅಲರ್ಜಿಕಾರಕ ಪ್ರೋಟೀನುಗಳನ್ನು ವಿಜ್ಞಾನಿಗಳು ಅಧಿಕೃತವಾಗಿ ಪಟ್ಟಿ ಮಾಡಿದ್ದಾರೆ. ಆದರೆ ಬೆಕ್ಕಿನ ಅಲರ್ಜಿ ಇರುವವರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಈ ಒಂದನೆಯದರ ವಿರುದ್ಧವೇ ಐಜಿಇ ಪ್ರತಿಕಾಯಗಳು, ಅಂದರೆ ಅಲರ್ಜಿಯ ಪ್ರತಿಕ್ರಿಯೆಯನ್ನು ಎಬ್ಬಿಸುವ ಪ್ರತಿಕಾಯಗಳು, ಇರುತ್ತವೆ. ಇದು ತಯಾರಾಗುವುದು ಬೆಕ್ಕಿನ ಜೊಲ್ಲುಗ್ರಂಥಿಗಳಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ, ಕಣ್ಣೀರಿನ ಗ್ರಂಥಿಗಳಲ್ಲಿ ಮತ್ತು ಗುದದ್ವಾರದ ಪಕ್ಕದ ಗ್ರಂಥಿಗಳಲ್ಲಿ. ಬೆಕ್ಕಿನ ದೇಹಕ್ಕೆ ಇದರಿಂದ ಏನು ಪ್ರಯೋಜನ ಎಂಬುದು ಇಂದಿಗೂ ಖಚಿತವಾಗಿ ಗೊತ್ತಾಗಿಲ್ಲ. ಮನುಷ್ಯನಿಗಂತೂ ಇದು ವಿಷವಲ್ಲ. ಅಲರ್ಜಿ ಇರುವವರ ರೋಗನಿರೋಧಕ ವ್ಯವಸ್ಥೆ ಇದನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುವುದರಿಂದ ಮೂಗು ಸೋರುತ್ತದೆ, ಕಣ್ಣು ಕೆಂಪಾಗುತ್ತದೆ, ಶ್ವಾಸನಾಳ ಬಿಗಿಯುತ್ತದೆ.

ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಪ್ರೋಟೀನು ಮನೆಯಿಡೀ ಹರಡುವ ಬಗೆಯನ್ನು ವಿವರಿಸುವುದು ಸುಲಭ. ಅದರ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಗಡುಸು ಮುಳ್ಳುಗಳಿರುತ್ತವೆ. ಒಂದೊಂದು ಸಲ ನಾಲಿಗೆ ಎಳೆದಾಗಲೂ ಅವು ಜೊಲ್ಲನ್ನು ಕೂದಲಿನ ಬುಡದವರೆಗೆ ಒಯ್ಯುತ್ತವೆ. ಅಲ್ಲಿ ಚರ್ಮದ ಎಣ್ಣೆಯೊಂದಿಗೆ ಬೆರೆತ ಜೊಲ್ಲು ಒಣಗಿ, ಉದುರುವ ಹೊಟ್ಟಿನ ಜೊತೆಗೆ ಸೂಕ್ಷ್ಮ ಕಣಗಳಾಗಿ ಗಾಳಿಗೆ ಸೇರುತ್ತದೆ. ಇವುಗಳಲ್ಲಿ ಸಾಕಷ್ಟು ಕಣಗಳು ಐದು ಮೈಕ್ರಾನಿಗಿಂತಲೂ ಚಿಕ್ಕವಾಗಿರುವುದರಿಂದ ಗಂಟೆಗಟ್ಟಲೆ ತೇಲುತ್ತಿರುತ್ತವೆ ಮತ್ತು ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೂ ಇಳಿಯುತ್ತವೆ. ಇವುಗಳಿಗೆ ಬಟ್ಟೆಗೆ ಅಂಟಿಕೊಳ್ಳುವ ಗುಣವೂ ಹೆಚ್ಚು. ಬೆಕ್ಕು ಸಾಕಿದ ಮನೆಯ ಮಕ್ಕಳ ಬಟ್ಟೆಯ ಮೂಲಕ ಶಾಲೆಯ ಕೊಠಡಿಗಳಿಗೂ, ಎಂದೂ ಬೆಕ್ಕು ಕಾಲಿಡದ ಮನೆಗಳಿಗೂ ಫೆಲ್ ಡಿ 1 ತಲುಪಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಈಗ ತಳಿಗಳ ಮಾತಿಗೆ ಬರೋಣ. ಸ್ಫಿಂಕ್ಸ್‌ನ ಬೋಳು ಮೈಗೂ ಡೆವನ್ ರೆಕ್ಸ್‌ನ ಗುಂಗುರು ಕೂದಲಿಗೂ ಕಾರಣವಾಗಿರುವುದು ಕೆಆರ್‌ಟಿ71 ಎಂಬ ಒಂದೇ ಜೀನಿನಲ್ಲಾದ ಬೇರೆ ಬೇರೆ ಬದಲಾವಣೆಗಳು. ಕೂದಲಿನ ರಚನೆಗೆ ಬೇಕಾದ ಕೆರಾಟಿನ್ ಪ್ರೋಟೀನನ್ನು ರೂಪಿಸುವುದು ಈ ಜೀನಿನ ಕೆಲಸ. ಕಾರ್ನಿಷ್ ರೆಕ್ಸ್‌ನಲ್ಲಿ ಬದಲಾಗಿರುವುದು ಮತ್ತೊಂದು ಜೀನು, ಅದೂ ಕೂದಲಿಗೆ ಸಂಬಂಧಿಸಿದ್ದೇ. ಫೆಲ್ ಡಿ 1 ತಯಾರಿಸುವ ಎರಡು ಜೀನುಗಳು ಇವುಗಳಿಂದ ಪೂರ್ತಿ ಪ್ರತ್ಯೇಕ. ಕೂದಲಿನ ಜೀನು ಕೆಟ್ಟಿತೆಂದು ಜೊಲ್ಲಿನ ಪ್ರೋಟೀನು ನಿಲ್ಲುವುದಿಲ್ಲ. ಸ್ಫಿಂಕ್ಸ್‌ನಲ್ಲಿ ಚರ್ಮದ ಎಣ್ಣೆಯನ್ನು ಹೀರಿಕೊಳ್ಳಲು ಕೂದಲೇ ಇಲ್ಲದಿರುವುದರಿಂದ ಅದು ಮೈಮೇಲೆ ಜಿಡ್ಡಾಗಿ ನಿಂತು, ಕೂತ ಸೋಫಾಕ್ಕೂ ಮಲಗಿದ ಹಾಸಿಗೆಗೂ ಮೆತ್ತಿಕೊಳ್ಳುತ್ತದೆ. ಅದಕ್ಕೆಂದೇ ಈ ಬೆಕ್ಕಿಗೆ ಆಗಾಗ ಸ್ನಾನ ಮಾಡಿಸಬೇಕಾಗುತ್ತದೆ. ಸೈಬೀರಿಯನ್ ವಿಷಯ ಸ್ವಲ್ಪ ಭಿನ್ನ. ಈ ತಳಿಯ ಕೆಲವೇ ಬೆಕ್ಕುಗಳ ಫೆಲ್ ಡಿ 1 ಜೀನುಗಳಲ್ಲಿ ವ್ಯತ್ಯಾಸಗಳು ಕಂಡಿರುವುದಾಗಿ ಇಟಲಿಯ ಸಂಶೋಧಕರು ವರದಿ ಮಾಡಿದ್ದಾರೆ. ಆದರೆ ಆ ವ್ಯತ್ಯಾಸಗಳಿಂದ ಅಲರ್ಜಿ ಕಡಿಮೆಯಾಗುತ್ತದೆ ಎಂದಾಗಲಿ, ತಳಿಯ ಎಲ್ಲ ಬೆಕ್ಕುಗಳಲ್ಲೂ ಅವು ಇವೆ ಎಂದಾಗಲಿ ಸಿದ್ಧವಾಗಿಲ್ಲ. ಅಷ್ಟು ಸಣ್ಣ ಎಳೆಯನ್ನು ಹಿಡಿದು ಇಡೀ ತಳಿಗೆ ಪ್ರಮಾಣಪತ್ರ ಕೊಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ, ಏಕೆಂದರೆ ಅದನ್ನು ನಂಬಿ ಹಣ ತೆತ್ತವರಿಗೆ ಉಬ್ಬಸ ಬಂದಾಗ ಕೊನೆಗೆ ನೆಲೆ ಕಳೆದುಕೊಳ್ಳುವುದು ಆ ಬೆಕ್ಕು.

ನಾಯಿಗಳ ವಿಷಯದಲ್ಲಿ ಇಂಥ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಲಾಗಿದೆ. ನೆದರ್ಲೆಂಡ್ಸಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲರ್ಜಿ ತರುವುದಿಲ್ಲವೆಂದು ಖ್ಯಾತವಾದ ಪೂಡಲ್, ಲ್ಯಾಬ್ರಡೂಡಲ್ ಮೊದಲಾದ ನಾಯಿಗಳ ಕೂದಲಿನಲ್ಲಿ ನಾಯಿಯ ಮುಖ್ಯ ಅಲರ್ಜಿಕಾರಕವು ಇತರ ನಾಯಿಗಳಿಗಿಂತ ಹೆಚ್ಚೇ ಇತ್ತು.

ಬೆಕ್ಕಿನಿಂದ ಬೆಕ್ಕಿಗೆ ಫೆಲ್ ಡಿ 1 ಪ್ರಮಾಣದಲ್ಲಿ ಅಪಾರ ಅಂತರವಿರುವುದು ಮಾತ್ರ ನಿಜ. ಒಂದೇ ಸೂಲಿನಲ್ಲಿ ಹುಟ್ಟಿದ ಎರಡು ಬೆಕ್ಕುಗಳಲ್ಲಿ ಒಂದರ ಪ್ರಮಾಣ ಇನ್ನೊಂದರ ಹಲವು ಪಟ್ಟು ಇರಬಹುದು; ಒಂದೇ ಬೆಕ್ಕಿನಲ್ಲಿಯೂ ದಿನದಿಂದ ದಿನಕ್ಕೆ ಏರಿಳಿತವಿರುತ್ತದೆ. ಸೈಬೀರಿಯನ್ ತಂದ ಮೇಲೆ ಸೀನು ಬರಲಿಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಪಾಲಿಗೆ ಬಂದ ಆ ಒಂದು ಬೆಕ್ಕಿನಲ್ಲಿ ಪ್ರೋಟೀನು ಕಡಿಮೆ ಇದ್ದಿರಬಹುದು, ಅಥವಾ ದೀರ್ಘಕಾಲದ ಒಡನಾಟದಿಂದ ಅವರ ದೇಹವೇ ಸಹಿಷ್ಣುತೆ ಬೆಳೆಸಿಕೊಂಡಿರಬಹುದು. ಅದೇ ಅದೃಷ್ಟ ಬೀದಿಯಿಂದ ತಂದ ನಾಡುಬೆಕ್ಕಿನಲ್ಲಿಯೂ ಸಿಗಬಹುದು. ತಳಿಗಿಂತ ಹೆಚ್ಚು ಭರವಸೆಯಿಂದ ಹೇಳಬಹುದಾದ ಅಂಶವೆಂದರೆ ಲಿಂಗ. ಬೀಜವಿರುವ ಗಂಡು ಬೆಕ್ಕಿನ ಚರ್ಮದಲ್ಲಿ ಫೆಲ್ ಡಿ 1 ಹೆಚ್ಚು ತಯಾರಾಗುತ್ತದೆ, ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಅದು ಇಳಿಯುತ್ತದೆ, ಟೆಸ್ಟೊಸ್ಟೆರೋನ್ ಕೊಟ್ಟರೆ ಮತ್ತೆ ಏರುತ್ತದೆ. ಆದ್ದರಿಂದ ಹೆಣ್ಣು ಬೆಕ್ಕನ್ನೋ ಶಸ್ತ್ರಚಿಕಿತ್ಸೆಯಾದ ಗಂಡನ್ನೋ ಆರಿಸಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರವಿದೆ.

ಪ್ರೋಟೀನನ್ನೇ ತಗ್ಗಿಸುವ ಪ್ರಯತ್ನಗಳು ಈ ಎರಡು ದಶಕಗಳಲ್ಲಿ ಹಲವು ದಿಕ್ಕಿನಲ್ಲಿ ನಡೆದಿವೆ. ಅಲರ್ಜಿರಹಿತ ಬೆಕ್ಕು ಸಿದ್ಧವಾಗಿದೆಯೆಂದು ಕ್ಯಾಲಿಫೋರ್ನಿಯಾದ ಕಂಪನಿಯೊಂದು 2006ರಲ್ಲಿ ಸಾವಿರಾರು ಡಾಲರ್ ಬೆಲೆ ಕಟ್ಟಿ ಘೋಷಿಸಿತು. ಅದನ್ನು ಸಮರ್ಥಿಸುವ ಪುರಾವೆ ವೈಜ್ಞಾನಿಕ ನಿಯತಕಾಲಿಕಗಳಲ್ಲಿ ಪ್ರಕಟವಾಗಲೇ ಇಲ್ಲ. ಇದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತಿರುವುದು ಕೋಳಿಮೊಟ್ಟೆಯ ದಾರಿ. ಬೆಕ್ಕಿನ ಸಂಪರ್ಕಕ್ಕೆ ಬಂದ ಕೋಳಿಗಳು ಫೆಲ್ ಡಿ 1 ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ಮೊಟ್ಟೆಯ ಹಳದಿಗೆ ಸೇರಿಸುತ್ತವೆ. ಆ ಹಳದಿಯನ್ನು ಬೆರೆಸಿದ ಆಹಾರವನ್ನು ಬೆಕ್ಕು ಜಗಿಯುವಾಗ ಪ್ರತಿಕಾಯಗಳು ಅದರ ಬಾಯಿಯಲ್ಲಿಯೇ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಇಂಥ ಬೆಕ್ಕಿನ ಆಹಾರವನ್ನು ಮಾರುವ ಪ್ಯುರಿನಾ ಕಂಪನಿಯ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ, 105 ಬೆಕ್ಕುಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೂರನೆಯ ವಾರದಿಂದ ಕೂದಲಿನ ಸಕ್ರಿಯ ಫೆಲ್ ಡಿ 1 ಸರಾಸರಿ ಶೇಕಡ 47ರಷ್ಟು ಇಳಿದಿತ್ತು. ಮಾರುವ ಕಂಪನಿಯೇ ನಡೆಸಿದ ಅಧ್ಯಯನ ಎಂಬುದನ್ನು ನೆನಪಿನಲ್ಲಿಡಬೇಕು. ಉಳಿದ ಅರ್ಧದಷ್ಟು ಪ್ರೋಟೀನೇ ತೀವ್ರ ಅಲರ್ಜಿ ಇರುವವರನ್ನು ಕಾಡಲು ಸಾಕು ಎಂಬುದನ್ನೂ ಮರೆಯಬಾರದು. ಸ್ವಿಟ್ಜರ್ಲೆಂಡಿನ ಸಂಶೋಧಕರು ಬೆಕ್ಕಿಗೇ ಹಾಕುವ ಲಸಿಕೆಯೊಂದನ್ನು ರೂಪಿಸಿ ಪರೀಕ್ಷಿಸಿದ್ದಾರೆ. ಅಮೆರಿಕದ ವರ್ಜೀನಿಯಾದ ಇಂಡೋರ್ ಬಯೋಟೆಕ್ನಾಲಜೀಸ್ ಸಂಸ್ಥೆಯ ತಂಡ 2022ರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಿದ ಬೆಕ್ಕಿನ ಜೀವಕೋಶಗಳಲ್ಲಿ ಕ್ರಿಸ್ಪರ್ ತಂತ್ರದಿಂದ ಫೆಲ್ ಡಿ 1 ಜೀನನ್ನು ಕತ್ತರಿಸಿ ತೋರಿಸಿತು. ಅದೇ ತಂಡ 50 ಸಾಕು ಬೆಕ್ಕುಗಳ ಜೀನುಗಳನ್ನು ಕಾಡಿನ ಮಾರ್ಜಾಲ ಜಾತಿಗಳ ಜೀನುಗಳೊಂದಿಗೆ ಹೋಲಿಸಿದಾಗ ಸಾಕಷ್ಟು ವ್ಯತ್ಯಾಸಗಳು ಕಂಡವು. ಜೀವಕ್ಕೆ ಅನಿವಾರ್ಯವಾದ ಪ್ರೋಟೀನುಗಳು ವಿಕಾಸದಲ್ಲಿ ಇಷ್ಟು ಬದಲಾಗುವುದಿಲ್ಲವಾದ್ದರಿಂದ, ಫೆಲ್ ಡಿ 1 ಇಲ್ಲದೆಯೂ ಬೆಕ್ಕು ಆರೋಗ್ಯವಾಗಿ ಬದುಕಬಹುದೆಂದು ಅವರು ಊಹಿಸುತ್ತಾರೆ.

ಬೆಕ್ಕನ್ನು ತರುವ ಮೊದಲು ಸೀನಿನ ಮೂಲವನ್ನೂ ತಿಳಿದುಕೊಳ್ಳಬೇಕು. ನಮ್ಮ ಬೆಂಗಳೂರಿನಂಥ ಊರಿನಲ್ಲಿ ಹಾಸಿಗೆಯ ಧೂಳುಹುಳ, ಜಿರಳೆ, ಕಾಂಗ್ರೆಸ್ ಗಿಡದ ಪರಾಗ ಇವೆಲ್ಲವೂ ಇದೇ ಲಕ್ಷಣಗಳನ್ನು ತರುತ್ತವೆ. ಅಲರ್ಜಿ ತಜ್ಞರು ಮುಂದೋಳಿನ ಮೇಲೆ ಒಂದೊಂದು ಅಲರ್ಜಿಕಾರಕದ ಹನಿಯನ್ನಿಟ್ಟು ಸೂಜಿಮೊನೆಯಿಂದ ಲಘುವಾಗಿ ಚುಚ್ಚುತ್ತಾರೆ. ಸುಮಾರು 15 ನಿಮಿಷದಲ್ಲಿ ಯಾವ ಹನಿಯ ಕೆಳಗೆ ಸೊಳ್ಳೆ ಕಚ್ಚಿದಂಥ ದದ್ದು ಏಳುತ್ತದೆಯೋ ಅದಕ್ಕೆ ದೇಹ ಪ್ರತಿಕ್ರಿಯಿಸುತ್ತಿದೆ ಎಂದು ಗೊತ್ತಾಗುತ್ತದೆ. ಬೆಕ್ಕಿನ ಹನಿ ಸುಮ್ಮನಿದ್ದು ಧೂಳುಹುಳದ ಹನಿ ಉಬ್ಬಿದರೆ, ಬದಲಾಯಿಸಬೇಕಾದದ್ದು ದಿಂಬು ಹಾಸಿಗೆಗಳ ವ್ಯವಸ್ಥೆ.

ಮನೆಯಲ್ಲಿ ಈಗಾಗಲೇ ಬೆಕ್ಕಿದ್ದರೆ ಅದನ್ನು ಮಲಗುವ ಕೋಣೆಯಿಂದ ದೂರವಿಡುವುದು, ರತ್ನಗಂಬಳಿ ಮತ್ತು ದಪ್ಪ ಪರದೆಗಳನ್ನು ತೆಗೆಯುವುದು, ಸೂಕ್ಷ್ಮ ಕಣಗಳನ್ನು ಹಿಡಿದಿಡುವ ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧೀಕರಣ ಯಂತ್ರವನ್ನು ಬಳಸುವುದು ಇವುಗಳಿಂದ ಸ್ವಲ್ಪಮಟ್ಟಿಗೆ ಅನುಕೂಲವಾಗುತ್ತದೆ. ಸ್ನಾನ ಮಾಡಿಸಿದರೆ ಪ್ರೋಟೀನು ಇಳಿಯುತ್ತದೆಯಾದರೂ ಒಂದು ವಾರದೊಳಗೆ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಹೊಸದಾಗಿ ತರುವವರು ಮಾತ್ರ ಒಂದು ಕ್ರಮವನ್ನು ತಪ್ಪದೆ ಪಾಲಿಸಬೇಕು: ಯಾವ ಬೆಕ್ಕನ್ನು ತರಬೇಕೆಂದಿದ್ದಾರೋ ಅದೇ ಬೆಕ್ಕು ಈಗ ಇರುವ ಜಾಗಕ್ಕೆ ಹಲವು ಬಾರಿ ಹೋಗಿ, ಅದನ್ನು ಎತ್ತಿಕೊಂಡು, ಸಾಕಷ್ಟು ಹೊತ್ತು ಕುಳಿತು ಬರಬೇಕು. ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇದನ್ನೂ ಮಾಡಕೂಡದು. ಪ್ರಯೋಗಕ್ಕೆಂದು ಬೆಕ್ಕನ್ನೇ ಕೆಲವು ದಿನ ಮನೆಗೆ ತಂದಿಟ್ಟುಕೊಳ್ಳುವುದು ಬೇಡ. ಬೆಕ್ಕು ಮನೆ ಬಿಟ್ಟು ಹೋದ ಮೇಲೂ ಧೂಳಿನಲ್ಲಿರುವ ಫೆಲ್ ಡಿ 1 ಬೆಕ್ಕಿಲ್ಲದ ಮನೆಗಳ ಮಟ್ಟಕ್ಕೆ ಇಳಿಯಲು ನಾಲ್ಕೈದು ತಿಂಗಳೇ ಹಿಡಿಯಬಹುದು. ಅಷ್ಟೂ ಕಾಲ ಬೆಕ್ಕಿಲ್ಲದ ಮನೆಯಲ್ಲಿಯೇ ಸೀನು ಮುಂದುವರಿಯುತ್ತದೆ.