ವಾರ್ಡ್ ಸಭೆ, ಗ್ರಾಮ ಸಭೆ: ಕೋರಂ ಲೆಕ್ಕ ಎಲ್ಲಿ ತಪ್ಪುತ್ತದೆ?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಬರುವ ಮೂರು ಸಭೆಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ. ವಾರ್ಡ್ ಸಭೆ, ಗ್ರಾಮ ಸಭೆ ಎರಡರಲ್ಲೂ ಮತದಾರರೇ ಸದಸ್ಯರು. ಪಂಚಾಯಿತಿಯ ಸಾಮಾನ್ಯ ಸಭೆ ಮಾತ್ರ ಗೆದ್ದು ಬಂದವರದ್ದು. ಬೇಡಿಕೆ ಹುಟ್ಟುವುದು ವಾರ್ಡ್ ಸಭೆಯಲ್ಲಿ. ಅದನ್ನು ಬಿಟ್ಟು ನೇರ ಗ್ರಾಮ ಸಭೆಯಲ್ಲಿ ಎದ್ದು ನಿಂತರೆ "ವಾರ್ಡ್ ಪಟ್ಟಿಯಲ್ಲಿ ಇಲ್ಲವಲ್ಲ" ಎನ್ನುತ್ತಾರೆ.

ಈಗ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ವಾರ್ಡ್ ಸಭೆಗೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹೆಚ್ಚಿನದ್ದನ್ನು ಹಿಡಿದರೆ ಲೆಕ್ಕ ಕೆಟ್ಟಿತು. 800 ಮತದಾರರಿದ್ದರೆ ಹತ್ತನೇ ಒಂದು 80, ಆದರೆ ಬೇಕಾದದ್ದು 20. ಮತದಾರರು 150 ಇದ್ದರೆ 15 ಸಾಕು. ಅಂದರೆ 200 ದಾಟಿದ ಯಾವ ವಾರ್ಡಿಗೂ 20ನ್ನೇ ನೆನಪಿಡಿ, ಭಾಗಾಕಾರವೇ ಬೇಡ.

ಇಷ್ಟಕ್ಕೇ ನಿಲ್ಲಿಸಬೇಡಿ. ಹಾಜರಾದವರಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕು. ಇದು ಹಾಜರಾದವರ ಲೆಕ್ಕ, ಕೋರಂನ 20ರ ಲೆಕ್ಕವಲ್ಲ. 20 ಜನ ಬಂದರೆ 6 ಮಹಿಳೆಯರು ಸಾಕು. 60 ಜನ ಬಂದರೆ 18 ಬೇಕು. ಗಂಡಸರು ಹೆಚ್ಚು ಸೇರಿದಷ್ಟೂ ಕೊರತೆ ಬೆಳೆಯುತ್ತದೆ! ಹಾಗಾಗಿ ಜನ ಸೇರಿಸುವವರು ಸ್ವಸಹಾಯ ಸಂಘಗಳಿಗೆ ಮೊದಲು ಸುದ್ದಿ ಮುಟ್ಟಿಸುವುದು ಜಾಣತನ. ಪರಿಶಿಷ್ಟ ಜಾತಿ, ಪಂಗಡದವರ ಹಾಜರಿಯೂ ಅವರ ಜನಸಂಖ್ಯೆಗೆ ತಕ್ಕಂತಿರಬೇಕು.

ಗ್ರಾಮ ಸಭೆಗೂ ಇದೇ ದಾರಿ, 20ರ ಜಾಗದಲ್ಲಿ 100. ಜೊತೆಗೆ ಸಾಧ್ಯವಾದಷ್ಟೂ ಪ್ರತಿ ವಾರ್ಡಿನಿಂದ ಕನಿಷ್ಠ 10 ಮಂದಿ ಇರಬೇಕು. ಒಟ್ಟು 140 ಜನ ಬಂದು ಒಂದು ವಾರ್ಡಿನವರು 9 ಮಂದಿಯಷ್ಟೇ ಇದ್ದರೂ ಆ ವಾರ್ಡಿನ ಹಾಜರಿ ಕೊರತೆಯೇ.

ಎರಡೂ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕಾಯಲಾಗದಿದ್ದರೆ ವಾರ್ಡಿನ ಶೇ. 10ರಷ್ಟು ಮತದಾರರು ವಿಷಯಪಟ್ಟಿ ಬರೆದು ವಿಶೇಷ ವಾರ್ಡ್ ಸಭೆ ಕೇಳಬಹುದು. ಇಲ್ಲಿ 20ರ ರಿಯಾಯಿತಿ ಇಲ್ಲ: 800ಕ್ಕೆ 80 ಸಹಿ ಬೇಕು. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರವೂ ಇರಬೇಕು.

ಬೇಡಿಕೆಯ ಅರ್ಜಿಯಲ್ಲಿ "ಚರಂಡಿ ಮಾಡಿಸಿಕೊಡಿ" ಎಂದಷ್ಟೇ ಬರೆದರೆ ಅದು ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿಯ ಕಾಮಗಾರಿ ಪಟ್ಟಿಗೆ, ಏರುವುದು ಕಷ್ಟ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ಎಷ್ಟು ಮನೆಗೆ ಅನುಕೂಲ, ಇಷ್ಟನ್ನೂ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಯಾವ ಅನುದಾನದಿಂದ ಎಂಬುದೂ ಮುಖ್ಯ: 15ನೇ ಹಣಕಾಸು ಆಯೋಗದ 2021–26ರ ಹಣದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಆ ಪಾಲಿನಿಂದ ಸ್ವಾಗತ ಕಮಾನು ಕೇಳುವುದು ದಂಡ.

ಕೊನೆಗೆ ನಡಾವಳಿ ಪುಸ್ತಕ. ಹಾಜರಿ ಸಹಿ ಮೊದಲೇ ಹಾಕಿಸಿಕೊಂಡು ಠರಾವನ್ನು ಆಮೇಲೆ ಬರೆಯುವ ರೂಢಿ ಇರುವಲ್ಲಿ ನಿಮ್ಮ ಬೇಡಿಕೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಎದ್ದು ಹೋಗುವ ಮೊದಲು ಓದಿ ಹೇಳಿಸಿ. ಆಮೇಲೂ ಅನುಮಾನವಿದ್ದರೆ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಆ ದಿನಾಂಕದ ನಡಾವಳಿ ಮತ್ತು ಹಾಜರಿ ಪುಟಗಳ ದೃಢೀಕೃತ ನಕಲು ಕೇಳಿ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.