ಬ್ರೌಸರ್ ಕಿತ್ತು ಹಾಕಿದರೆ ಹಿಸ್ಟರಿ ಹೋಗುತ್ತದಾ?

ಪ್ರಶ್ನೆ: ಕ್ರೋಮ್ ಬಿಟ್ಟು ಫೈರ್‌ಫಾಕ್ಸ್‌ಗೆ ಹೋಗಬೇಕು ಅಂತ ಉಂಟು. ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಜೊತೆಗೆ ಬರುತ್ತದಾ? ಆಮೇಲೆ ಕ್ರೋಮನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಹಳೆ ಹಿಸ್ಟರಿ ಪೂರ್ತಿ ಅಳಿಸಿ ಹೋಗುತ್ತದೆ ಅಲ್ವಾ? (ಓದುಗರು, ಸುರತ್ಕಲ್)

ಉತ್ತರ: ಮೊದಲನೆಯದಕ್ಕೆ ಹೌದು, ಹೆಚ್ಚುಕಮ್ಮಿ. ಎರಡನೆಯದಕ್ಕೆ ಅಲ್ಲ, ಮಾರಾಯ್ರೆ, ಅಲ್ಲ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಉಡುಪಿಯಿಂದ ಬರುತ್ತದೆ, ಮೂಡುಬಿದಿರೆಯಿಂದ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದಲೂ ಬರುತ್ತದೆ.

ಸುಲಭದ್ದನ್ನು ಮೊದಲು ಮುಗಿಸುವ. ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಹಾಕಿ, ಸೆಟ್ಟಿಂಗ್ಸ್‌ಗೆ ಹೋಗಿ ‘ಇಂಪೋರ್ಟ್’ ಅಂತ ಹುಡುಕಿದರೆ ಸಾಕು. ಬುಕ್‌ಮಾರ್ಕ್ ಬರುತ್ತದೆ, ಹಿಸ್ಟರಿಯೂ ಬರುತ್ತದೆ. ಹತ್ತು ವರ್ಷದ ಹಿಸ್ಟರಿ ಬರಬಹುದು ಅಂತ ಕಾಯಬೇಡಿ. ಕ್ರೋಮಿನ ಹಿಸ್ಟರಿ ಪುಟದಲ್ಲಿ ಇರುವುದೇ ಹಿಂದಿನ 90 ದಿನದ್ದು. ಪಾಸ್‌ವರ್ಡ್ ಕೆಲವೊಮ್ಮೆ ನೇರವಾಗಿ ಬರುವುದಿಲ್ಲ. ಆಗ ಕ್ರೋಮಿನ ಪಾಸ್‌ವರ್ಡ್ ಮ್ಯಾನೇಜರಿನಿಂದ ಸಿಎಸ್‌ವಿ ಫೈಲ್ ತೆಗೆದು ಫೈರ್‌ಫಾಕ್ಸ್‌ಗೆ ಕೊಡಬೇಕು. ಕೊಟ್ಟ ಕೂಡಲೇ ಆ ಫೈಲನ್ನು ಅಳಿಸಿ. ಅದರಲ್ಲಿ ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಸಾದಾ ಅಕ್ಷರದಲ್ಲಿ ಇರುತ್ತವೆ, ಯಾರು ತೆರೆದರೂ ಓದಬಹುದು. ಲಾಗಿನ್ ಮಾತ್ರ ಎಲ್ಲ ಕಡೆ ಹೊಸದಾಗಿ ಮಾಡಬೇಕು. ಒಂದೆರಡು ದಿನ ಒಟಿಪಿಯದ್ದೇ ರಗಳೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ಗೆ ಕ್ರೋಮಿನಿಂದ ನೇರ ದಾರಿ ಇಲ್ಲ. ಮೊದಲು ಕಂಪ್ಯೂಟರಿಗೆ ತಂದು, ಅಲ್ಲಿಂದ ಸಿಂಕ್ ಮಾಡಿ, ಅಂದರೆ ಎರಡೂ ಕಡೆ ಒಂದೇ ಖಾತೆ ಹಾಕಿ ಮಾಹಿತಿ ಒಂದೇ ಆಗುವಂತೆ ಇಡಿ.

ಇನ್ನು ಆ ಮಹಾನಂಬಿಕೆಗೆ ಬರುವ. ಅನ್‌ಇನ್‌ಸ್ಟಾಲ್ ಮಾಡಿದರೆ ಎಲ್ಲ ಹೋಯಿತು ಎನ್ನುವುದು ಅಂಗಡಿಯ ಬೋರ್ಡ್ ಇಳಿಸಿ, ಒಳಗಿನ ಸಾಲದ ಪುಸ್ತಕವೂ ಹೋಯಿತು ಎಂದುಕೊಂಡ ಹಾಗೆ.

ವಿಂಡೋಸ್‌ನಲ್ಲಿ ಕ್ರೋಮ್ ತೆಗೆಯುವಾಗ ಒಂದು ಸಣ್ಣ ಚೌಕ ಕಾಣುತ್ತದೆ, ‘ಬ್ರೌಸಿಂಗ್ ಡೇಟಾವನ್ನೂ ಅಳಿಸಬೇಕಾ’ ಅಂತ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ, ಟಿಕ್ ಹಾಕದೆ ಮುಂದೆ ಒತ್ತುತ್ತಾರೆ. ಪ್ರೋಗ್ರಾಂ ಹೋಗುತ್ತದೆ, ‘ಯೂಸರ್ ಡೇಟಾ’ ಎಂಬ ಫೋಲ್ಡರ್ ಅಲ್ಲೇ ಉಳಿಯುತ್ತದೆ. ಅದು ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನ ಒಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಆರು ತಿಂಗಳ ನಂತರ ಕ್ರೋಮನ್ನು ಪುನಃ ಹಾಕಿ ನೋಡಿ. ಹಳೆ ಬುಕ್‌ಮಾರ್ಕ್ ಎಲ್ಲ ಮೊದಲಿನ ಜಾಗದಲ್ಲೇ ಇರುತ್ತದೆ. ಆಗ ‘ಇದೆಂತ ಮಾಯ’ ಅಂತ ನನಗೆ ಕೇಳುತ್ತಾರೆ. ಮಾಯ ಎಂತದ್ದೂ ಇಲ್ಲ. ನೀವು ಅಳಿಸಲೇ ಇಲ್ಲ.

ಸರಿ, ಟಿಕ್ ಹಾಕಿಯೇ ತೆಗೆದಿರಿ ಅಂತ ಇಟ್ಟುಕೊಳ್ಳುವ. ಆ ಕ್ರೋಮಿನಲ್ಲಿ ಜಿಮೇಲ್ ಖಾತೆ ಹಾಕಿ ಸಿಂಕ್ ಇಟ್ಟಿದ್ದರೆ ಹಿಸ್ಟರಿಯ ಪ್ರತಿ ಗೂಗಲ್ ಖಾತೆಯಲ್ಲೂ ಉಂಟು. ನಿಮ್ಮ ಕಂಪ್ಯೂಟರನ್ನು ನೇತ್ರಾವತಿಗೆ ಎಸೆದರೂ ಅದು ಅಲ್ಲಿಂದ ಹೋಗುವುದಿಲ್ಲ. ಇದಲ್ಲದೆ ‘ಮೈ ಆ್ಯಕ್ಟಿವಿಟಿ’ ಅಂತ ಬೇರೆಯೇ ಒಂದು ದಾಖಲೆ ಉಂಟು. ಖಾತೆಯಲ್ಲಿ ಆ ಸೆಟ್ಟಿಂಗ್ ಚಾಲೂ ಇದ್ದರೆ, ನೀವು ಗೂಗಲ್‌ನಲ್ಲಿ ಹುಡುಕಿದ್ದು, ಯೂಟ್ಯೂಬ್‌ನಲ್ಲಿ ನೋಡಿದ್ದು ಅಲ್ಲಿ ಸೇರುತ್ತಾ ಹೋಗುತ್ತದೆ. 2020ರ ನಂತರ ತೆರೆದ ಖಾತೆಗಳಲ್ಲಿ ಹುಡುಕಾಟದ ದಾಖಲೆ 18 ತಿಂಗಳಿಗೆ ತಾನಾಗಿ ಅಳಿಯುವಂತೆ ಇಟ್ಟಿದ್ದಾರೆ. ಹಳೆ ಖಾತೆಯವರು ಒಳಗೆ ಹೋಗಿ ನೀವೇ ಇಡಬೇಕು. ಫೈರ್‌ಫಾಕ್ಸ್‌ಗೆ ಹೋದ ಮೇಲೂ ಅದೇ ಖಾತೆಯಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲೇ ಹುಡುಕಿದರೆ ಈ ದಾಖಲೆ ಮೊದಲಿನ ಹಾಗೆಯೇ ಬೆಳೆಯುತ್ತದೆ. ಬ್ರೌಸರ್ ಬದಲಾಯಿತು, ಖಾತೆ ಬದಲಾಗಲಿಲ್ಲವಲ್ಲ!

ಇನ್ನೂ ಮುಗಿಯಲಿಲ್ಲ. ಇಂಟರ್ನೆಟ್ ಕೊಡುವ ಕಂಪನಿಗಳು ಸಂಪರ್ಕದ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕು ಅಂತ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸಿನ ಷರತ್ತು ಬದಲಿಸಿತು. ಹೆದರಬೇಡಿ, ನೀವು ಓದಿದ ಪುಟ ಅವರಿಗೆ ಕಾಣುವುದಿಲ್ಲ. ವಿಳಾಸ https ಅಂತ ಶುರುವಾಗುವ ಸೈಟುಗಳಲ್ಲಿ ಯಾವ ಸೈಟಿಗೆ ಹೋದಿರಿ ಎನ್ನುವಷ್ಟು ಗೊತ್ತಾಗಬಹುದು, ಒಳಗೆ ಎಂತ ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. ‘ನಾನು ಇನ್‌ಕಾಗ್ನಿಟೋ ಹಾಕುತ್ತೇನೆ’ ಎನ್ನುವವರಿಗೂ ಇದೇ ಮಾತು. ಅದು ನಿಮ್ಮ ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ ಅದರ ಕೆಲಸ. ಇದೇ ವಿಷಯಕ್ಕೆ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸು ಬಿದ್ದು, 2024ರಲ್ಲಿ ರಾಜಿಯಾಯಿತು. ಆ ವರ್ಷವೇ ಇನ್‌ಕಾಗ್ನಿಟೋ ಪುಟದ ಎಚ್ಚರಿಕೆಯ ಮಾತನ್ನೂ ಬಿಡಿಸಿ ಬರೆದರು. ಅದನ್ನು ಒಮ್ಮೆಯಾದರೂ ಓದಿ.

ಹಾಗಾದರೆ ಸರಿಯಾದ ಕ್ರಮ ಯಾವುದು? ಕ್ರೋಮ್ ಇರುವಾಗಲೇ, ಖಾತೆಯಲ್ಲಿ ಲಾಗಿನ್ ಆಗಿರುವಾಗಲೇ, ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ‘ಆಲ್ ಟೈಮ್’ ಆರಿಸಿ ಅಳಿಸಿ. ಆಮೇಲೆ ಮೈ ಆ್ಯಕ್ಟಿವಿಟಿಗೆ ಹೋಗಿ ಅಲ್ಲಿಯೂ ಅಳಿಸಿ. ಬ್ರೌಸರ್ ಕೀಳುವುದು ಕೊನೆಗೆ. ಸಿಂಕ್ ಇದ್ದಾಗ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಹೋಗುತ್ತದೆ, ಇದು ನೆನಪಿರಲಿ. ಫೋನಿನಲ್ಲಿ ‘ಜಾಗ ಇಲ್ಲ’ ಅಂತ ಹಿಸ್ಟರಿ ಅಳಿಸಿ, ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟಿನ ಲಿಂಕ್ ಹುಡುಕಿ ತಲೆ ಕೆರೆದುಕೊಳ್ಳುವ ಮಣಿಪಾಲದ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಅಂದ ಹಾಗೆ ಹಿಸ್ಟರಿ ಅಳಿಸಿದರೆ ಜಾಗ ಸಿಗುವುದಿಲ್ಲ. ಜಾಗ ತಿನ್ನುವುದು ಕ್ಯಾಶ್ (cache), ಅಂದರೆ ಸೈಟುಗಳು ಬೇಗ ತೆರೆಯಲಿ ಅಂತ ಬ್ರೌಸರ್ ಉಳಿಸಿಟ್ಟ ಚಿತ್ರ, ಫೈಲುಗಳು.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಪಹಣಿ, ಆಧಾರ್, ಮಗಳ ಅಂಕಪಟ್ಟಿ ಪ್ರಿಂಟ್ ತೆಗೆಸುತ್ತೀರಲ್ಲ, ಅಲ್ಲಿ ಉಳಿಯುವುದು ಎಂತ? ಹಿಸ್ಟರಿ ಅಳಿಸಿದರೂ ಇಳಿಸಿಕೊಂಡ ಫೈಲ್ ಅಳಿಯುವುದಿಲ್ಲ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಊರಿನವರ ಆಧಾರ್ ಎಲ್ಲ ಸಾಲಾಗಿ ಕೂತಿರುತ್ತದೆ. ‘ಅದಕ್ಕೆ ಪಾಸ್‌ವರ್ಡ್ ಉಂಟಲ್ಲ’ ಅಂತೀರಿ. ಇ-ಆಧಾರ್ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನು ಕ್ಯೂನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ನೀವೇ ಹೇಳಿರುತ್ತೀರಿ.

ಅದಕ್ಕಿಂತ ದೊಡ್ಡದು ವಾಟ್ಸ್ಆ್ಯಪ್ ವೆಬ್. ಫೈಲ್ ಕಳಿಸಲು ಸುಲಭ ಅಂತ ಅಂಗಡಿಯ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ, ಪ್ರಿಂಟ್ ಕೈಗೆ ಸಿಕ್ಕಿದ ಕೂಡಲೇ ಬಸ್ ಹತ್ತುತ್ತೀರಿ. ಲಾಗೌಟ್ ಮಾಡುವವರು ಕಡಿಮೆ. ಈಗಲೇ ಫೋನ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ. ಗುರುತಿಲ್ಲದ ಕಂಪ್ಯೂಟರ್ ಕಂಡರೆ ಅದರ ಮೇಲೆ ಒತ್ತಿ, ಲಾಗೌಟ್ ಕೊಡಿ. ಮುಂದಿನ ಸಲ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಪ್ರಿಂಟ್ ಆದ ಮೇಲೆ ಕಂಪ್ಯೂಟರಿಗೆ ಕಾಪಿ ಮಾಡಿದ್ದರೆ ಅಲ್ಲಿಯೇ ನಿಂತು ಅಳಿಸಲು ಹೇಳಿ. ರಿಸೈಕಲ್ ಬಿನ್‌ನಿಂದಲೂ.